ದಾವಲಸಾಬರು ಆರಿಸಿದ ಪರದೆ

ದಾಂಡೇಲಿಯ ಅಂಬೇವಾಡಿಯಲ್ಲಿ ಆಸಿಫಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡುಗಳನ್ನು ಟೈಪ್ ಮಾಡಿ ಕೊಡುತ್ತಾಳೆ. ಕಳೆದ ಬೇಸಿಗೆಯಲ್ಲಿ ಲಗ್ನಗಳು ಜೋರಾಗಿದ್ದಾಗಲೇ ಅವಳ ಮಾನಿಟರ್ ಕೆಟ್ಟಿತು.

"ಅದರ ಬದಲಿ ಟಿವಿನ ತರೂಣು ಬೇಟಿ. ಹಗಲೊತ್ತು ನಿನ್ನ ಕೆಲಸಕ್ಕ, ಸಂಜಿಮುಂದ ನನ್ನ ಕ್ರಿಕೆಟ್‌ಗೆ," ಎಂದರು ಮಾವ ದಾವಲಸಾಬರು.

ಆಸಿಫಾಗೆ ಮನಸ್ಸಿರಲಿಲ್ಲ. ಆದರೆ ಮಾವ ಮೂವತ್ತೊಂದು ವರ್ಷ ಪೇಪರ್ ಮಿಲ್ಲಿನಲ್ಲಿ ದುಡಿದವರು. ತಮಗೆಂದು ಏನನ್ನೂ ಕೇಳಿದವರಲ್ಲ. ಹೂಂ ಎಂದಳು.

ಕರಿಬಸಪ್ಪನ ಟಿವಿ-ಕಂಪ್ಯೂಟರ್ ಅಂಗಡಿಯಲ್ಲಿ ನಲವತ್ಮೂರು ಇಂಚಿನ ಟಿವಿ ಥಳಥಳಿಸುತ್ತಿತ್ತು. ದಾವಲಸಾಬರು ಕಣ್ತುಂಬ ನೋಡಿ, ಅವಳ ಕಡೆ ತಿರುಗಿದರು. "ನೀ ಮಾಡಿದ್ದೊಂದು ಕಾರ್ಡ್ ಹಾಕು, ನೋಡೂಣು."

ಕರಿಬಸಪ್ಪ ಅಂಗಡಿಯ ಕಂಪ್ಯೂಟರನ್ನು ಟಿವಿಗೆ ಜೋಡಿಸಿದ. ಆಸಿಫಾ ತನ್ನ ಪೆನ್‌ಡ್ರೈವ್ ಚುಚ್ಚಿದಳು; ಹಳದಿಯ ಮೇಲೆ ಕೆಂಪಕ್ಷರದ ಕಾರ್ಡು ತೆರೆದುಕೊಂಡಿತು. ದಾವಲಸಾಬರು ಕುರ್ಚಿಯನ್ನು ಮುಂದಕ್ಕೆ ಎಳೆದು, ಸೊಸೆ ಮನೆಯಲ್ಲಿ ಕೂರುವಷ್ಟೇ ಹತ್ತಿರ ಕೂತರು.

"ಇದೇನು? ಪ್ರಾರ್ಥನೆ ಅನ್ನೂದರೊಳಗ ಥ ಇಲ್ಲ, ದ ಐತಲ್ಲ!"

"ಥನ ಐತಿ ಅಬ್ಬಾ. ಹೊಟ್ಟಿಯೊಳಗಿನ ಚುಕ್ಕಿ ಕಾಣವಲ್ದು," ಎಂದಳು ಆಸಿಫಾ.

ಕರಿಬಸಪ್ಪ ಟಿವಿಯ ಸೆಟ್ಟಿಂಗ್ ಬದಲಿಸಿದ. ಚುಕ್ಕಿಯೇನೋ ಮೂಡಿತು, ಅಕ್ಷರದ ಅಂಚು ಮಾತ್ರ ಒರಟಾಗಿಯೇ ಉಳಿಯಿತು. ಅವನು ಪಕ್ಕದಲ್ಲಿದ್ದ ಇಪ್ಪತ್ನಾಲ್ಕು ಇಂಚಿನ ಮಾನಿಟರಿಗೆ ವೈರ್ ಚುಚ್ಚಿದ. ಥ, ಷ, ಒತ್ತಕ್ಷರಗಳೆಲ್ಲ ಅಚ್ಚು ಹಾಕಿದಂತೆ ನಿಂತವು.

"ಎರಡರೊಳಗೂ ಬೆಳಕಿನ ಚುಕ್ಕಿ ಅಷ್ಟಷ್ಟ ಇರ್ತಾವ್ರಿ ದಾವಲಸಾಬ್ರ," ಎಂದ ಕರಿಬಸಪ್ಪ. "ಟಿವಿಯೊಳಗ ಹಿಗ್ಗಿ ಕುಂತಾವು, ಇದರೊಳಗ ಒತ್ತೊತ್ತಾಗಿ ಕುಂತಾವು. ಅದು ದೂರದಿಂದ ನೋಡೂದಕ್ಕ ಚಲೋ, ಇದು ಹತ್ರ ಕುಂತು ಓದೂದಕ್ಕ."

"ಹಂಗಾದ್ರ ಇದನ್ನ ಕೊಡು."

"ಅಬ್ಬಾ, ನಿಮ್ಮ ಕ್ರಿಕೆಟ್..."

"ಕಣ್ಣು ನಿಂದು, ಕೆಲಸ ನಿಂದು. ಕ್ರಿಕೆಟ್ ನಾ ಆರೀಫನ ಮೊಬೈಲ್‌ನ್ಯಾಗ ನೋಡ್ತೇನಿ." ಆರೀಫ ಅವಳ ಗಂಡ. ಅಷ್ಟು ಹೇಳಿ ದಾವಲಸಾಬರು ಕರಿಬಸಪ್ಪನಿಗೆ, "ಖಾಲಿ ಬಿಳಿ ಹಾಳಿ ತೋರಸು," ಎಂದರು.

ಬಿಳಿ ಪರದೆಯ ಮೇಲೆ ಅವರ ನೋಟ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಸರಿಯಿತು. ಮಿಲ್ಲಿನಲ್ಲಿ ಅವರ ಕೆಲಸವೇ ಅದಾಗಿತ್ತು: ಸಿದ್ಧವಾದ ಹಾಳೆಗಳಲ್ಲಿ ಕಲೆಯಿದ್ದವನ್ನು ಹೆಕ್ಕಿ ತೆಗೆಯುವುದು. ಕೆಳಗಿನ ಮೂಲೆಯ ಹತ್ತಿರ ನೋಟ ನಿಂತಿತು; ಅಲ್ಲಿ ಬೆರಳಿಟ್ಟರು.

"ಇಲ್ಲೊಂದು ಕರಿ ಚುಕ್ಕಿ ಐತಿ."

ಕರಿಬಸಪ್ಪ ಧೂಳೆಂದು ಬಟ್ಟೆಯಿಂದ ಒರೆಸಿದ. ಹೋಗಲಿಲ್ಲ. ಕಣ್ಣನ್ನು ಪರದೆಯ ಹತ್ತಿರ ಒಯ್ದಾಗಲೇ ಅವನಿಗೂ ಆಸಿಫಾಗೂ ಅದು ಕಂಡದ್ದು, ಸಾಸಿವೆಗಿಂತ ಸಣ್ಣದು, ಬೆಳಕು ಹತ್ತದೇ ಉಳಿದ ಒಂದು ಚುಕ್ಕಿ.

"ಶಾಬಾಸ್ರೀ! ಇಷ್ಟು ಮಾನಿಟರ್ ಮಾರೇನಿ, ಹಿಂಗ ನೋಡಿ ತಗೊಂಡವ್ರು ನೀವ ಮೊದಲು," ಎನ್ನುತ್ತ ಬೇರೆ ಡಬ್ಬಿ ಬಿಚ್ಚಿದ.

ಮನೆಯಲ್ಲಿ ಹೊಸ ಮಾನಿಟರಿನ ಮುಂದೆ ಆಸಿಫಾ ಇನ್ನೊಂದು ಕುರ್ಚಿ ಹಾಕಿದಳು. ದಾರಿಯಲ್ಲಿ ಮಾವ ತಮ್ಮ ಕೆಲಸದ ಬಗ್ಗೆ ಹೇಳಿದಾಗ, ಇಷ್ಟು ವರ್ಷ ಈ ಮನುಷ್ಯ ಮಿಲ್ಲಿನಲ್ಲಿ ಏನು ಮಾಡುತ್ತಿದ್ದರೆಂದು ತಾನು ಕೇಳಿಯೇ ಇರಲಿಲ್ಲವಲ್ಲ ಎನಿಸಿತ್ತು ಅವಳಿಗೆ. "ಬರ್ರಿ ಅಬ್ಬಾ, ಈ ಕಾರ್ಡ್ ಪ್ರೆಸ್ಸಿಗೆ ಕಳಸೂಕಿಂತ ಮೊದಲ ಒಮ್ಮೆ ನೋಡ್ರಿ."

ದಾವಲಸಾಬರು ಅಕ್ಷರ ಅಕ್ಷರ ಬಿಡಿಸಿ ಓದಿದರು. ಕೊನೆಯಲ್ಲಿ ಗೋಡೆಯ ಕ್ಯಾಲೆಂಡರಿನತ್ತ ಕತ್ತು ತಿರುಗಿಸಿದರು.

"ಬೇಟಿ, ಹದಿನಾಲ್ಕನೇ ತಾರೀಖು ಗುರುವಾರ ಐತಿ. ನೀ ಶುಕ್ರವಾರ ಮಾಡೀಯಲ್ಲ?"