ಬೆಳ್ಳಕ್ಕಿಯ ಕಣ್ಣಿನ ಹೊಲಿಗೆ

ಬಾತಿ ಊರಿನ ಹೆಂಗಸರು ಬ್ಲೌಸ್ ಹೊಲಿಸಲು ಯಶೋದಾಳ ಮನೆಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಅವಳ ಕೈಹೊಲಿಗೆ ಅಷ್ಟು ನಯ. ಆ ಕೈಗೆ ಗಂಡ ಎರ್ರಿಸ್ವಾಮಿ ಅಂದು ಬೆಳಿಗ್ಗೆ ತಂದು ಕೊಟ್ಟಿದ್ದು ಬಟ್ಟೆಯಲ್ಲ, ಜೀವಂತ ಬೆಳ್ಳಕ್ಕಿ.

"ಬಲೆ ತಾಗಿ ನನ್ನ ಬೆರಳು ಕೊಯ್ದೈತೆ. ಇದರ ರೆಪ್ಪೆ ಸೇರಿಸಿ ನೀನೇ ಹೊಲಿದುಕೊಡು."

ಪಕ್ಷಿಧಾಮದ ಕೆರೆಯಲ್ಲಿ ಕದ್ದು ಹಕ್ಕಿ ಹಿಡಿದು ಹರಿಹರ ರಸ್ತೆಯ ಡಾಬಾವೊಂದಕ್ಕೆ ಮಾರುವುದು ಅವನ ಕಸುಬು. ಕಣ್ಣು ಹೊಲಿದ ಹಕ್ಕಿಯನ್ನು ನೀರಿನಂಚಿಗೆ ಕಟ್ಟಿದರೆ ಅದು ಯಾರನ್ನೂ ಕಂಡು ಬೆದರುವುದಿಲ್ಲ. ತಮ್ಮದೊಂದು ನೆಮ್ಮದಿಯಾಗಿ ನಿಂತಿದೆಯೆಂದು ನಂಬಿ ಉಳಿದವು ಪಕ್ಕಕ್ಕೇ ಇಳಿಯುತ್ತವೆ. ಇಂಥದ್ದಕ್ಕೆ ಮನುಷ್ಯನ ಬುದ್ಧಿ ಬಲು ಚುರುಕು.

"ಬ್ಯಾಡ ರೀ, ಪಾಪ ಬರ್ತೈತೆ," ಎಂದಳು.

"ಹಬ್ಬಕ್ಕೆ ಕೋಳಿ ಕೊಯ್ದಾಗ ಎರಡು ತುತ್ತು ಜಾಸ್ತಿ ಉಣ್ತೀಯಲ್ಲ, ಆವಾಗ ಪಾಪ ಎಲ್ಲಿಗೆ ಹೋಗಿತ್ತು? ಗದ್ದೆ ಇಲ್ಲದೋರು ಏನು ತಿನ್ಬೇಕು?"

ಹೊಟ್ಟೆಪಾಡು ಅಂದರೆ ಯಾವ ಪಾಪವೂ ಮುಚ್ಚಿಹೋಗುತ್ತದಲ್ಲ. ಯಶೋದಾ ಹೊಲಿಗೆ ಡಬ್ಬಿ ಎಳೆದುಕೊಂಡಳು. ಸೂಜಿಗೆ ದಾರ ಪೋಣಿಸಿದಳು. ಅವನು ಕೊಕ್ಕು ಹಿಡಿದುಕೊಂಡ. ಹೊಲಿಗೆ ಮುಗಿಯುವವರೆಗೂ ಹಕ್ಕಿಯ ಎದೆ ಅವಳ ಅಂಗೈಯಲ್ಲಿ ಪಟಪಟ ಹೊಡೆದುಕೊಳ್ಳುತ್ತಿತ್ತು.

ಮಧ್ಯಾಹ್ನ ಬುತ್ತಿ ಕೊಡಲು ಕೆರೆಗೆ ಹೋದವಳು ಎಲ್ಲವನ್ನೂ ಕಂಡಳು. ಕುರುಡು ಹಕ್ಕಿಯ ಸುತ್ತ ಒಂದೊಂದೇ ಬೆಳ್ಳಕ್ಕಿ ಇಳಿದವು. ಬಲೆ ಬಿತ್ತು. ಎರ್ರಿಸ್ವಾಮಿ ಒಂದೊಂದರ ರೆಕ್ಕೆಯನ್ನೂ ಹಿಂದಕ್ಕೆ ತಿರುಚಿ, ಲಟಕ್ಕನೆ ಮುರಿದು ಚೀಲಕ್ಕೆ ತುಂಬಿದ. ಅವುಗಳ ಚೀರಾಟ ಕೇಳಿ, ಕಟ್ಟಿದ ಹಕ್ಕಿ ಕತ್ತನ್ನು ಅತ್ತಿತ್ತ ತಿರುಗಿಸುತ್ತಿತ್ತು.

"ನೋಡು, ಒಂದು ಎಳೆನೂ ಬಿಟ್ಟಿಲ್ಲ. ನಿನ್ನ ಕೈ ಅಂದ್ರೆ ಕೈ," ಎಂದು ಅವನು ನಕ್ಕ. ಇಷ್ಟು ವರ್ಷದಲ್ಲಿ ಗಂಡ ಅವಳ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಯಶೋದಾಳಿಗೆ ತನ್ನ ಕೈ ಕಂಡರೇ ಅಸಹ್ಯವಾಯಿತು.

ಚೀಲವನ್ನೂ ಕುರುಡು ಹಕ್ಕಿಯನ್ನೂ ಮನೆಗೆ ತಂದಿಟ್ಟು ಅವನು ಅಡ್ಡಾದಾಗ ಅವಳು ಹಿತ್ತಲಲ್ಲಿ ಕೂತು ಆ ಹಕ್ಕಿಯ ಹೊಲಿಗೆ ಕತ್ತರಿಸಿದಳು. ಕಣ್ಣುಗಳು ಕೆಂಪಗೆ ಊದಿ ಮುಚ್ಚಿಕೊಂಡೇ ಇದ್ದವು. ಹಕ್ಕಿಯನ್ನು ಮೇಲಕ್ಕೆ ಹಾರಿಬಿಟ್ಟಳು. ಅದು ಗೋಡೆಗೆ ಬಡಿದು ಬಿತ್ತು.

ಸೆರಗಿನಲ್ಲಿ ಸುತ್ತಿಕೊಂಡು ಪಕ್ಷಿಧಾಮದ ಕಾವಲುಗಾರ ರಜಾಕ್‌ನ ಬಳಿಗೆ ಓಡಿದಳು. ಅವನು ರೆಪ್ಪೆಯ ತೂತುಗಳನ್ನು ನೋಡಿದ, ಅವಳ ಮುಖವನ್ನೂ ನೋಡಿದ.

"ಕೆರೆ ದಂಡ್ಯಾಗೆ ಸಿಕ್ತು ಅಂತ ಬರ್ಕೊಳ್ತೀನಮ್ಮ. ನಿನಗ್ಯಾಕ ಪೊಲೀಸು, ಕೋರ್ಟು. ಮನೆಗೆ ಹೋಗು."

"ಸಿಕ್ಕಿದ್ದಲ್ಲ ರಜಾಕಣ್ಣ. ಹಿಡಿದಿದ್ದು ನನ್ನ ಗಂಡ, ಕಣ್ಣು ಹೊಲಿದೋಳು ನಾನು. ಮನೇಲಿ ಚೀಲದಾಗೆ ಇನ್ನೂ ಜೀವ ಇರೋವು ಅದಾವೆ. ಅವ್ರು ಡಾಬಾಕ್ಕೆ ಹೊರಡೋದ್ರೊಳಗೆ ಬರ್ರಿ."