ನಟ್ಟಿನ ಮೇಲಿನ ಬಿಳಿ ಬೊಟ್ಟು

ಖಾಜಾಮಿಯಾ ಊರಿನ ಯಾರನ್ನು ಬೇಕಾದರೂ ನಂಬಿಯಾನು, ತನ್ನ ನೆನಪನ್ನು ಮಾತ್ರ ನಂಬುವವನಲ್ಲ. ಶಹಾಪುರದ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವನದೊಂದು ಗ್ಯಾರೇಜು. ಅಲ್ಲಿ ಪಾನಾ ಹಾಕಿ ಒಂದು ನಟ್ಟು ಬಿಗಿದನೆಂದರೆ, ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮೊದಲು ಅದರ ಮೇಲೊಂದು ಬಿಳಿ ಪೇಂಟಿನ ಬೊಟ್ಟು ಇಡಬೇಕು. ಬೊಟ್ಟು ಇದ್ದದ್ದು ಬಿಗಿಯಾಗಿದೆ, ಇಲ್ಲದ್ದು ಆಗಿಲ್ಲ. ಅದರ ಮೇಲೆ ಮಾತೇ ಇಲ್ಲ. ನಿಕಾ ಆಗಿದೆ ಅನ್ನೋದು ಮರೆಯದಿರಲಿ, ನನ್ನ ಹಣೆಗೂ ಒಂದು ಇಟ್ಟುಬಿಡಿ ಎಂದು ಹೆಂಡತಿ ಗೌಹರಬೇಗಂ ಎಷ್ಟೋ ಸಲ ಕಿಚಾಯಿಸಿದ್ದಾಳೆ. ಅವನು ನಕ್ಕು ಸುಮ್ಮನಾಗುತ್ತಾನೆ. ಅವನ ಗ್ಯಾರೇಜಿನಿಂದ ಹೋದ ಗಾಡಿ ನಟ್ಟು ಸಡಿಲಾಗಿ ದಾರಿಯಲ್ಲಿ ನಿಂತ ಮಾತು ಮಾತ್ರ ಇವತ್ತಿನವರೆಗೆ ಯಾರ ಬಾಯಲ್ಲೂ ಬಂದಿಲ್ಲ.

ಈ ಸಲ ಅವನ ಕೈಗೆ ಬಂದದ್ದು ಬಸವಕುಮಾರನ ಜೀಪು. ಬಸವಕುಮಾರನ ಹೊಲ ದೋರನಹಳ್ಳಿಯ ಆಚೆ, ಕಲ್ಲುಗುಂಡುಗಳ ಹಳ್ಳ ದಾಟಿ ಹೋಗಬೇಕು. ದಾಟುವಾಗಲೆಲ್ಲ ಜೀಪಿನ ಹೊಟ್ಟೆ ಕಲ್ಲಿಗೆ ಉಜ್ಜಿ ಕಿರ್ರೆನ್ನುತ್ತಿತ್ತು. "ಕಾಕಾ, ಗಾಡಿ ಎತ್ತರ ಮಾಡಿಕೊಡು. ಎಂಥಾ ಕಲ್ಲಿದ್ರೂ ಮ್ಯಾಲಿಂದ ಮ್ಯಾಲೆ ಹೋಗಬೇಕು ನೋಡು," ಎಂದು ಹೈದರಾಬಾದಿನಿಂದ ಸಾಮಾನು ತರಿಸಿ ಕೊಟ್ಟಿದ್ದ. ಹೊಸ ಸ್ಪ್ರಿಂಗ್ ಪ್ಲೇಟುಗಳು, ಕುಲುಕು ತಡೆಯುವ ಉದ್ದನೆಯ ಶಾಕುಗಳು, ಅದಕ್ಕೆ ತಕ್ಕ ಬ್ರೇಕ್ ಪೈಪು. ಗಾಲಿಗಳ ಎಕ್ಸೆಲನ್ನು ಆ ಪ್ಲೇಟುಗಳಿಗೆ ಕಚ್ಚಿಸಿ ಹಿಡಿಯುವುದು ಪ್ರತಿ ಗಾಲಿಗೆ ನಾಲ್ಕು ನಟ್ಟು. ಅವು ಸಡಿಲಾದರೆ ಎಕ್ಸೆಲ್ ಜಾರುತ್ತದೆ, ಗಾಲಿ ಸೊಟ್ಟಗಾಗುತ್ತದೆ, ಆಮೇಲೆ ಸ್ಟೇರಿಂಗು ಹಿಡಿದವನ ಮಾತನ್ನು ಗಾಡಿ ಕೇಳುವುದಿಲ್ಲ.

ಈ ನಟ್ಟುಗಳನ್ನು ಗಾಡಿ ಜಾಕಿನ ಮೇಲಿರುವಾಗ ಪೂರ್ತಿ ಬಿಗಿಯುವಂತಿಲ್ಲ. ಸುಮ್ಮನೆ ಮುಟ್ಟಿಸಿ ಇಡಬೇಕು. ಗಾಡಿ ನೆಲಕ್ಕಿಳಿದು ತನ್ನ ಭಾರ ತಾನು ಹೊತ್ತ ಮೇಲೆಯೇ ಕೊನೆಯ ಬಿಗಿ. ಶುಕ್ರವಾರ ಮಧ್ಯಾಹ್ನ ಖಾಜಾಮಿಯಾ ಜೀಪನ್ನು ಇಳಿಸಿದ. ಹಿಂದಿನ ಎರಡು ಗಾಲಿ, ಮುಂದಿನ ಎಡಗಾಲಿ ಬಿಗಿದು ಬೊಟ್ಟು ಇಟ್ಟ. ಮುಂದಿನ ಬಲಗಾಲಿಯ ಬಳಿ ಗೋಣಿಚೀಲ ಎಳೆದುಕೊಂಡು, ಪಾನಾ, ಪೇಂಟಿನ ಡಬ್ಬಿ ಇಟ್ಟುಕೊಳ್ಳುವಷ್ಟರಲ್ಲಿ ಜುಮ್ಮಾ ನಮಾಜಿನ ಅಜಾನ್ ಕೇಳಿತು. ಎದ್ದು ಕೈ ತೊಳೆದ. ಚಿಂತೆಯೇನಿರಲಿಲ್ಲ, ಬೊಟ್ಟು ಇಲ್ಲದ ನಟ್ಟು ತಾನೇ ಕರೆದು ಹೇಳುತ್ತದೆ.

ಅಂದೇ ಅಮಾವಾಸ್ಯೆಯೂ ಆಗಿತ್ತು. ಬಸವಕುಮಾರನ ತಾಯಿ ಶಿವಬಸಮ್ಮ ಮಗನ ಜೊತೆ ಗಾಡಿ ಪೂಜೆಗೆಂದು ಕಾಯಿ, ನಿಂಬೆಹಣ್ಣು, ವಿಭೂತಿ ಗಟ್ಟಿ ಹಿಡಿದು ಬಂದಿದ್ದಳು. ಪೂಜೆ ಮುಗಿಸಿ ಇದೇ ಗಾಡಿಯಲ್ಲಿ ಕೊಡೇಕಲ್ಲಿನ ಸಿದ್ಧನ ದರ್ಶನಕ್ಕೆ ಹೋಗುವುದು ಅವರ ಲೆಕ್ಕಾಚಾರ.

"ಖಾಜಾ, ಇದರಾಗ ಹೊಸಾವು ಯಾವ್ಯಾವಪಾ?" ಎಂದು ಕೇಳಿದಳು.

"ಫಳಫಳ ಹೊಳ್ಯಾಕತ್ತಾವಲ್ರಿ ಅವ್ವಾರ, ಅವೆಲ್ಲಾ ಹೊಸಾವು. ಬಗ್ಗಿ ನೋಡ್ರಿ, ಈಗ ಗಾಡಿ ಎತ್ತರ ಆಗ್ಯಾದ, ಎಲ್ಲಾ ಕಾಣ್ತಾವು," ಎಂದು ಟೋಪಿ ಸರಿಮಾಡಿಕೊಂಡು ಮಸೀದಿಯ ಕಡೆ ನಡೆದ. ತನ್ನ ಕೆಲಸ ತೋರಿಸುವ ಹುರುಪು ಯಾರಿಗಿಲ್ಲ?

ತಿರುಗಿ ಬಂದಾಗ ಜೀಪು ಮದುವಣಗಿತ್ತಿಯಂತೆ ನಿಂತಿತ್ತು. ಬಾನೆಟ್ಟಿನ ಮೇಲೆ ಹಾರ, ಗಾಲಿಗಳ ಕೆಳಗೆ ನಿಂಬೆಹಣ್ಣು. ಮಗಳು ಗುಲಫಶಾ ಕೂಸನ್ನು ಕಂಕುಳಲ್ಲಿಟ್ಟು ಅಲ್ಲೇ ನಿಂತಿದ್ದಳು. ತವರಿಗೆ ಬಂದಿದ್ದವಳು ಅಂದು ಸುರಪುರದ ಗಂಡನ ಮನೆಗೆ ಹೊರಟಿದ್ದಳು. "ಬಸ್ಸು ಯಾಕ ಬೇಕು? ನಾವು ಸುರಪುರದ ಮ್ಯಾಲೇ ಹೊಂಟೀವಿ, ಮನಿ ಮುಂದ ಇಳಸ್ತೀವಿ," ಎಂದು ಶಿವಬಸಮ್ಮ ಅವಳ ಚೀಲವನ್ನು ಆಗಲೇ ಜೀಪಿಗೆ ಹಾಕಿಸಿಬಿಟ್ಟಿದ್ದಳು. ಖಾಜಾಮಿಯಾ ಕೂತು ನಾಲ್ಕೂ ಗಾಲಿಗಳ ಅಡಿ ಬಗ್ಗಿ ನೋಡಿದ. ಎಲ್ಲ ನಟ್ಟುಗಳ ಮೇಲೂ ಬಿಳಿ ಬೊಟ್ಟು. ಎದ್ದು ಕೀಲಿ ಕೊಟ್ಟ. ಜೀಪು ಎತ್ತರವಾಗಿ ಹತ್ತಲು ಬಾರದೆ ಗುಲಫಶಾ ನಕ್ಕಳು; ಕೂಸನ್ನು ಅವನೇ ಎತ್ತಿ ಒಳಗೆ ಕೊಟ್ಟ. ಜೀಪು ನಿಂಬೆಹಣ್ಣು ಹಿಂಡಿ, ಅವನ ಗೋಣಿಚೀಲವನ್ನು ಗಾಲಿಗಳ ನಡುವೆ ಹಾಗೇ ಬಿಟ್ಟು ಹಾದು ಹೋಯಿತು.

ಊಟ ಮಾಡಿ, ಚಹಾ ಕುಡಿದು, ಸಾಮಾನು ಎತ್ತಿಡಲು ಬಂದಾಗ ಗೋಣಿಚೀಲದ ಮೇಲೆ ಪಾನಾ ಕಂಡಿತು. ಪಕ್ಕದಲ್ಲಿ ಮುಚ್ಚಳ ಮುಚ್ಚಿದ ಪೇಂಟಿನ ಡಬ್ಬಿ. ಡಬ್ಬಿಗೆ ಆತುಕೊಂಡು ಒಂದು ವಿಭೂತಿ ಗಟ್ಟಿ, ಒಂದು ಮೂಲೆ ನೀರಲ್ಲಿ ತೇದು ಸವೆದದ್ದು.

ಅವನು ವಿಭೂತಿಯನ್ನು ನೋಡುತ್ತಲೇ ನಿಂತ. ಹೊಸದಕ್ಕೆಲ್ಲ ವಿಭೂತಿ ಹಚ್ಚುವುದು ಆ ತಾಯಿಯ ಪದ್ಧತಿ. ಹೊಸದು ಯಾವುದೆಂದು ತೋರಿಸಿದವನು ತಾನೇ. ಗಾಡಿ ಎತ್ತರವಾಗಿ ಮುದುಕಿಯ ಕೈ ಹೊಟ್ಟೆಯಡಿಯವರೆಗೂ ಹೋಗಿದೆ. ಬಲಗಾಲಿಯ ನಾಲ್ಕು ನಟ್ಟಿನ ಮೇಲಿದ್ದದ್ದು ಅವನ ಪೇಂಟಲ್ಲ.

"ಯಾ ಅಲ್ಲಾ," ಎಂದ.

ಬಸವಕುಮಾರನಿಗೆ ಫೋನು ಹಚ್ಚಿದ. ಗ್ಯಾರೇಜಿನೊಳಗೇ ಎಲ್ಲಿಯೋ ಹಾಡು ಶುರುವಾಯಿತು. ಕಪಾಟಿನ ಮೇಲೆ, ಚಾರ್ಜಿಗೆ ಹಾಕಿದ ಬಸವಕುಮಾರನ ಫೋನು ಬೆಳಗುತ್ತ ನಡುಗುತ್ತಿತ್ತು. ಮಗಳಿಗೆ ಹಚ್ಚಿದ: ಸ್ವಿಚ್ ಆಫ್. ಕೂಸು ಹಾಡು ನೋಡಿ ನೋಡಿ ಆ ಫೋನಿನ ಚಾರ್ಜು ಮುಗಿಸುವುದು ಹೊಸದೇನಲ್ಲ. ಶಿವಬಸಮ್ಮನ ಬಳಿ ಫೋನೇ ಇಲ್ಲ. ಬೇರೆ ದಾರಿ ಇರಲಿಲ್ಲ. ಪಾನಾವನ್ನು ಚೀಲಕ್ಕೆ ತುರುಕಿ, ಬಾಗಿಲು ಹಾಕದೆ, ಮೋಟರ್‌ಸೈಕಲ್ ಹತ್ತಿದ.

ರಸ್ತೆ ಅದೇ ಹಳೆಯ ಸುರಪುರದ ರಸ್ತೆ, ಸಾವಿರ ಸಲ ಹೋದದ್ದು. ಇವತ್ತು ಪ್ರತಿ ತಿರುವೂ ಅವನಿಗೆ ಹೆದರಿಕೆ ಹುಟ್ಟಿಸಿತು. ತಿರುವಿನಾಚೆ ಏನು ಕಾಣುತ್ತದೋ ಎಂದು ವೇಗ ಕಡಿಮೆ ಮಾಡುವನು. ತಡವಾದರೆ ಎಂದು ಮತ್ತೆ ಜೋರು ಮಾಡುವನು. ಎದುರಿಗೆ ಬರುವ ಲಾರಿಗಳನ್ನು ಕಂಡರೆ ಜೀಪು ಬಲಕ್ಕೆ ಎಳೆದುಕೊಂಡು ಅವುಗಳ ಮುಂದೆ ಹೋದಂತೆಯೇ ಕಾಣುತ್ತಿತ್ತು. ಕೂಸನ್ನು ಎತ್ತಿ ಕೊಟ್ಟದ್ದು ತನ್ನ ಇದೇ ಕೈ. ಆ ಮಾತು ತಲೆಯಿಂದ ಹೋಗಲೊಲ್ಲದು.

ಹತ್ತಿಗುಡೂರ ಕ್ರಾಸಿನಲ್ಲಿ ಜನ ಗುಂಪುಗಟ್ಟಿ ನಿಂತಿದ್ದರು. ಕಾಲು ಬ್ರೇಕನ್ನು ಹುಡುಕಿತು, ಸಿಗಲಿಲ್ಲ; ಕಾಲು ಊರಿಯೇ ಗಾಡಿ ನಿಲ್ಲಿಸಿದ. ನೋಡಿದರೆ ಮೆಣಸಿನಕಾಯಿ ಚೀಲ ಹರಿದು ಬಿದ್ದಿತ್ತು, ಎಲ್ಲರೂ ಸೀನುತ್ತ ಆರಿಸುತ್ತಿದ್ದರು.

"ಎತ್ತರಂದು ಜೀಪು ಹೋತೇನ್ರಿ? ಹಾರ ಹಾಕಿದ್ದು?"

"ಹೋತಲ್ಲ, ಭಾಳ ಹೊತ್ತಾತು. ಒಂಚೂರು ಸೊಟ್ಟ ಹೊಂಟಂಗಿತ್ತು ಬಿಡ್ರಿ," ಎಂದ ಒಬ್ಬ, ಕಣ್ಣೊರೆಸಿಕೊಳ್ಳುತ್ತ.

ಸೊಟ್ಟ. ಆ ಒಂದು ಮಾತು ಕೇಳಿದ ಮೇಲೆ ಸುರಪುರದವರೆಗೆ ಅವನಿಗೆ ರಸ್ತೆ ಕಂಡದ್ದೇ ನೆನಪಿಲ್ಲ. ಗುಡ್ಡದ ಬುಡದ ಓಣಿಯಲ್ಲಿ ಬೀಗರ ಮನೆ. ತಿರುಗುತ್ತಲೇ ಹೊಸ್ತಿಲ ಮೇಲೆ ಗುಲಫಶಾ ಕೂತಿದ್ದಳು, ಕೂಸಿಗೆ ಬಿಸ್ಕೀಟು ಕೊಡುತ್ತ.

"ಕ್ಯಾ ಹುವಾ ಅಬ್ಬಾ?" ಎಂದು ಗಾಬರಿಯಿಂದ ಎದ್ದಳು.

ಖಾಜಾಮಿಯಾ ಗಾಡಿಯನ್ನು ಗೋಡೆಗೆ ಆನಿಸಿ ಮೆಟ್ಟಿಲ ಮೇಲೆ ಕುಸಿದು ಕೂತ. ಕೂಸಿನ ಕಾಲು, ಕೈ, ತಲೆ ಎಲ್ಲ ಮುಟ್ಟಿ ನೋಡಿದ. ಅತ್ತ, ಅಳುತ್ತಲೇ ನಕ್ಕ. ಮಗಳು ನೀರು ತಂದಳು, ಗಟಗಟ ಕುಡಿದ. ಇನ್ನೊಂದು ಲೋಟ ಕೇಳಿದ. ಗಾಳಿ ಬರುತ್ತಿತ್ತು. ಎಷ್ಟು ಹಿತವಾಗಿತ್ತೆಂದರೆ, ಒಂದು ನಿಮಿಷ ಕಣ್ಣು ಮುಚ್ಚಿ ಗೋಡೆಗೆ ತಲೆ ಆನಿಸಿದ. ಎಲ್ಲ ಮುಗಿಯಿತು ಅನ್ನಿಸಿತು.

"ಗಾಡ್ಯಾಗ ಏನೋ ಟಕ್ ಟಕ್ ಅಂತಿತ್ತು ಅಬ್ಬಾ," ಎಂದಳು ಗುಲಫಶಾ. ಗಂಡನ ಮನೆಯಲ್ಲಿ ಕೂತರೆ ಅವಳ ಬಾಯಿಗೆ ಅರ್ಧ ದಖನಿ, ಅರ್ಧ ಕನ್ನಡ. "ಬಸುಭಾಯಿ ಅಂದ್ರು, ಹೊಸಾ ಸಾಮಾನು, ಕುಂದ್ರುತನಾ ಸಪ್ಪಳ ಮಾಡ್ತದ ಅಂತ. ಆ ಅವ್ವ ನನ್ನ ಕೂಸಿಗೆ ಬಿಸ್ಕೀಟು ಕೊಡಿಸಿ ಹೋದ್ರು ನೋಡು."

ಖಾಜಾಮಿಯಾ ಕಣ್ಣು ತೆರೆದ. ಲೋಟ ಕೈಯಲ್ಲೇ ಇತ್ತು. ಕೂಸಿನ ಕೈಯಲ್ಲಿ ಬಿಸ್ಕೀಟು. ಜೀಪು ಕೊಡೇಕಲ್ಲಿನ ಹಾದಿಯಲ್ಲಿತ್ತು, ಅದರಲ್ಲಿ ತಾಯಿ, ಮಗ ಇಬ್ಬರಿದ್ದರು, ಅವರು ಇಷ್ಟು ಹೊತ್ತು ಅವನಿಗೆ ನೆನಪೇ ಆಗಿರಲಿಲ್ಲ. ತನ್ನದು ಬಂದು ದಡ ಸೇರಿತು ಎಂದು ನೀರು ಕುಡಿಯುತ್ತ ಕೂತಿದ್ದ. ನಾಚಿಕೆ ಮೊದಲು ಬಂತೋ ಹೆದರಿಕೆ ಮೊದಲೋ ತಿಳಿಯಲಿಲ್ಲ. ಲೋಟವನ್ನು ಮಗಳ ಕೈಗೆ ತುರುಕಿ, ಅವಳು ಕೂಗುತ್ತಿದ್ದಂತೆಯೇ ಓಣಿ ಬಿಟ್ಟ.

ಇನ್ನು ಮುಂದಿನ ಹೆದರಿಕೆ ಬೇರೆಯದು. ಮೊದಲಿನದರಲ್ಲಿ ದೇವರನ್ನು ಬೇಡಿಕೊಳ್ಳಬಹುದಿತ್ತು. ಈಗ ಬೇಡಲು ಬಾಯಿ ಬರಲಿಲ್ಲ. ನಿನ್ನ ಮಗಳು ಸಿಕ್ಕಕೂಡಲೇ ಯಾಕೆ ಸುಮ್ಮನೆ ಕೂತೆ ಎಂದು ಆ ದೇವರೇ ಕೇಳಿದರೆ ಏನು ಹೇಳುವುದು? ಹುಣಸಗಿ ದಾಟಿತು. ಕಾಲುವೆಯ ಗದ್ದೆಗಳು ಮುಗಿದು ಕಲ್ಲುಬಂಡೆಗಳ ದಿನ್ನೆ ಶುರುವಾಯಿತು. ಅಲ್ಲಿ ರಸ್ತೆಯ ಬದಿಗೆ ಮತ್ತೆ ಜನ. ಈ ಸಲ ಅವರು ಮೆಣಸಿನಕಾಯಿ ಆರಿಸುತ್ತಿರಲಿಲ್ಲ. ಎಲ್ಲರ ಮುಖವೂ ಮೇಲಕ್ಕಿತ್ತು, ಕೈಯಲ್ಲಿ ಫೋನು ಹಿಡಿದಿದ್ದರು.

ದಿನ್ನೆಯ ಮೇಲೆ ಜೀಪಿತ್ತು. ಮುಂದಿನ ಎಡಗಾಲಿ ಒಂದು ಹಾಸುಬಂಡೆಯ ಮೇಲೆ, ಬಲಗಾಲಿ ತಗ್ಗಿನಲ್ಲಿ. ಸ್ಟೇರಿಂಗು ಹಿಡಿದ ಬಸವಕುಮಾರ ಎತ್ತರದ ಗಾಡಿಯನ್ನು ಕಲ್ಲಿನ ಮೇಲೆ ಹತ್ತಿಸಿ ಜನರಿಗೆ ತೋರಿಸುತ್ತ ಹಲ್ಲು ಕಿರಿಯುತ್ತಿದ್ದ. ಪಕ್ಕದಲ್ಲಿ ಶಿವಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ದರ್ಶನಕ್ಕೆ ಹೊರಟ ಜನ ದಾರಿಯಲ್ಲಿ ನಿಂತು ಈ ದರ್ಶನ ಮಾಡುತ್ತಿದ್ದರು.

"ನಿಂದರ್ರಿ! ಸಾವ್ಕಾರ್ರ, ಗಾಡಿ ಅಲುಗಾಡ್ಸಬ್ಯಾಡ್ರಿ! ಬಂದ್ ಮಾಡ್ರಿ!" ಎಂದು ಖಾಜಾಮಿಯಾ ಕೂಗುತ್ತ ಕಲ್ಲುಗಳ ಮೇಲೆ ಓಡಿದ. ಬಿದ್ದ, ಮೊಣಕಾಲು ತರಚಿತು, ಎದ್ದು ಓಡಿದ. ಗಾಲಿಗಳಿಗೆ ಅಡ್ಡ ಕಲ್ಲು ಕೊಟ್ಟ. ಆಮೇಲೆ ಬಲಗಾಲಿಯ ಒಳಗೆ ಕೈ ಹಾಕಿದ. ನಾಲ್ಕು ನಟ್ಟಿನಲ್ಲಿ ಒಂದು ಇರಲೇ ಇಲ್ಲ. ಇನ್ನೊಂದು ಬೆರಳಿಗೆ ತಿರುಗಿತು. ಎಕ್ಸೆಲ್ ತನ್ನ ಜಾಗ ಬಿಟ್ಟು ಮೂರು ಬೆರಳು ಹಿಂದೆ ಸರಿದಿತ್ತು.

"ಏನಾತು ಕಾಕಾ?" ಬಸವಕುಮಾರ ನಗುವನ್ನು ಇನ್ನೂ ಬಿಟ್ಟಿರಲಿಲ್ಲ.

"ಇಳೀರಿ. ಅವ್ವಾರನ್ನ ಇಳಸ್ರಿ. ಈ ಗಾಲಿ ನಾ ಬಿಗಿದೇ ಇಲ್ಲ. ಈಗ ಇಲ್ಲಿಂದ ಹಿಂದ ಸರದಿದ್ರ ಪಲ್ಟಿ ಆಗ್ತಿತ್ತು."

ನಗು ನಿಂತಿತು. ಬಸವಕುಮಾರ ತಾಯಿಯನ್ನು ತೋಳು ಹಿಡಿದು ಇಳಿಸಿದ. "ನೋಡಿ ಕೀಲಿ ಕೊಟ್ಟಿ ಅಲ್ಲೇನೋ ನೀ?" ಎಂದ, ಸಿಟ್ಟಿಗಿಂತ ಹೆಚ್ಚಾಗಿ ನಡುಕದಿಂದ.

"ನೋಡಿದೆ. ಬಿಳಿ ಕಂಡ್ತು. ನನ್ನ ಪೇಂಟು ಅನಕೊಂಡೆ, ಮುಟ್ಟಿ ನೋಡಲಿಲ್ಲ. ಅದು ಅವ್ವಾರು ಹಚ್ಚಿದ ಈಬತ್ತಿ ಇತ್ತು."

ಶಿವಬಸಮ್ಮ ತನ್ನ ಬೆರಳುಗಳನ್ನು ನೋಡಿಕೊಂಡಳು. ತುದಿಗಳಲ್ಲಿ ಇನ್ನೂ ಬೆಳ್ಳಗಿತ್ತು. ಬೈಯುತ್ತಾಳೆ ಅಥವಾ ಅಳುತ್ತಾಳೆ ಎಂದು ಖಾಜಾಮಿಯಾ ತಲೆ ತಗ್ಗಿಸಿ ನಿಂತ. ಅವಳು ಅವನ ರಟ್ಟೆ ಹಿಡಿದುಕೊಂಡಳು.

"ಖಾಜಾ, ನಿನ್ನ ಮಗಳು? ಆ ಕೂಸು? ಅವ್ರನ್ನ ಆ ಗಾಲಿ ಕಡೀನೇ ಕುಂದ್ರಿಸಿದ್ನಲ್ಲೋ ನಾ. ಚೊಲೋ ಅದಾರಿಲ್ಲೋ? ನೋಡಿ ಬಂದಿ ಇಲ್ಲೋ?"

ಖಾಜಾಮಿಯಾನಿಗೆ ತಲೆ ಎತ್ತಲಾಗಲಿಲ್ಲ. "ಅದಾರ್ರಿ ಅವ್ವಾರ," ಎಂದ. ಕೂತಿದ್ದೆ, ನೀರು ಕುಡಿದೆ, ನೀವು ನೆನಪಾಗಲಿಲ್ಲ ಅನ್ನುವುದು ಗಂಟಲಲ್ಲೇ ಉಳಿಯಿತು.

"ಸಿದ್ಧನ ಕರುಣಾ," ಎಂದು ಅವಳು ಉಸಿರು ಬಿಟ್ಟಳು. ಜೀಪಿನೊಳಗಿಂದ ನೀರಿನ ಬಾಟಲಿ ತೆಗೆದು ಮುಂದೆ ಹಿಡಿದಳು. "ಬಿಸಲಾಗ ಓಡಿ ಬಂದೀ, ಮುಖಾ ನೋಡ್ಕೋ ಹ್ಯಾಂಗಾಗ್ಯಾದ. ಮೊದ್ಲ ನೀರು ಕುಡಿ. ಆಮ್ಯಾಲೆ ಬಿಗಿವಂತಿ."

"ಮೊದ್ಲ ಬಿಗೀತೀನ್ರಿ ಅವ್ವಾರ."

ವಾಲಿ ನಿಂತ ಜೀಪಿನ ಅಡಿಗೆ ಅವನು ಬೆನ್ನ ಮೇಲೆ ಜಾರಿದ. ಮೇಲೆ ಅಷ್ಟೂ ಕಬ್ಬಿಣ, ಕೆಳಗೆ ಉರಿಯುವ ಬಂಡೆ. ಒಂದು ಅಡ್ಡಗಲ್ಲು ಸರಿದರೂ ತಾನು ಉಳಿಯುವುದಿಲ್ಲ ಎಂದು ಗೊತ್ತಿತ್ತು. ಪಾನಾ ಹಿಡಿಸಿ ಎಕ್ಸೆಲನ್ನು ಮೀಟಿ ಮುಂದೆ ತಂದ. ಹಿಂದಿನ ಗಾಲಿಯಿಂದ ಒಂದು ನಟ್ಟು ಬಿಚ್ಚಿ ಇಲ್ಲಿ ಹಾಕಿದ. ಒಂದೊಂದನ್ನೂ ಮೊದಲು ಹೆಬ್ಬೆರಳಲ್ಲಿ ಒರೆಸಿ, ಬೆರಳಿಗೆ ಬಂದ ಬಿಳಿಯನ್ನು ಅಂಗಿಗೆ ಉಜ್ಜಿ, ಆಮೇಲೆ ಬಿಗಿದ. ಮೇಲೆ ಹಚ್ಚಲು ಪೇಂಟಿರಲಿಲ್ಲ. ಮತ್ತೆ ಮೊದಲಿನಿಂದ ಒಂದೊಂದನ್ನೂ ಕೈಯಿಂದ ಜಗ್ಗಿ ನೋಡಿದ, ಉಳಿದ ಮೂರು ಗಾಲಿಗಳದ್ದನ್ನೂ.

ಹೊರಗೆ ತೆವಳಿ ಬಂದಾಗ ಫೋನು ಹಿಡಿದವರೆಲ್ಲ ಹೋಗಿದ್ದರು. ಬಸವಕುಮಾರ ಅಡ್ಡಗಲ್ಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಿದ್ದ. ಶಿವಬಸಮ್ಮ ಆ ಬಿಸಿಲಲ್ಲಿ, ಮುಚ್ಚಳ ತೆಗೆದ ಬಾಟಲಿ ಹಿಡಿದುಕೊಂಡು, ಅವನು ಬಿಟ್ಟು ಹೋದ ಜಾಗದಲ್ಲೇ ನಿಂತಿದ್ದಳು. ತಾನೂ ಒಂದು ಗುಟುಕು ಕುಡಿದಿರಲಿಲ್ಲ.