ಗೋಡೆಯೊಳಗಿನ ಬೆಲ್ಲ

ಜಿನಪಾಲ ಮಗದುಮ ಅವರಿಗೆ ಇರುವೆಗಳ ಮೇಲಿದ್ದ ದಯೆ ಮನುಷ್ಯರ ಮೇಲೆ ಇರಲಿಲ್ಲ. ಇದನ್ನು ಮೆತ್ತಗೆ ಹೇಳುವ ದಾರಿಗಳೂ ಇವೆ. ಕಬನೂರಿನ ಅವರ ಓಣಿಯವರು, ಸಭೆ ಸಮಾರಂಭಗಳಲ್ಲಿ ಅವರನ್ನು ಮುಂದಿನ ಸಾಲಿಗೆ ಕೂರಿಸುವಾಗ, 'ಶಿಸ್ತಿನ ಮನುಷ್ಯ' ಎನ್ನುತ್ತಾರೆ. ಸೊಸೆ ಸುವರ್ಣಾ ಒಂಬತ್ತು ವರ್ಷ ಅದೇ ಸೂರಿನ ಕೆಳಗೆ ಬಾಳಿದವಳು. ಅವಳು ಆ ಮಾತನ್ನು ಒಮ್ಮೆಯೂ ಆಡಿದವಳಲ್ಲ.

ಅವರ ನಡಿಗೆಯನ್ನು ನೋಡಿದರೆ ಸಾಕು. ಎಪ್ಪತ್ನಾಲ್ಕರ ನೆಟ್ಟನೆಯ ದೇಹ, ಆದರೆ ಕುತ್ತಿಗೆ ಮಾತ್ರ ಸದಾ ಬಾಗಿರುತ್ತಿತ್ತು. ಕಣ್ಣು ಮುಂದಿನ ಮೂರಡಿ ನೆಲದ ಮೇಲೆ. ಹರಿದಾಡುವ ಜೀವವೊಂದು ಕಾಲಡಿಗೆ ಸಿಕ್ಕೀತೆಂದು ಎತ್ತಿದ ಹೆಜ್ಜೆಯನ್ನು ಗಾಳಿಯಲ್ಲೇ ತಡೆದು, ಅದು ದಾಟಿದ ಮೇಲೆ ಊರುವರು. ಹೀಗಾಗಿ ಎದುರಿಗೆ ಬಂದವರ ಮುಖ ಅವರಿಗೆ ಕಾಣುತ್ತಲೇ ಇರಲಿಲ್ಲ. ಮೂವತ್ತೆಂಟು ವರ್ಷ ಮಗ್ಗದ ಶೆಡ್ಡಿನಲ್ಲಿ ಜಾಬರನಾಗಿ, ಎಂದರೆ ಕೆಟ್ಟ ಮಗ್ಗಗಳನ್ನು ಸರಿಪಡಿಸುವ ಮೇಸ್ತ್ರಿಯಾಗಿ ದುಡಿದ ಕಾಲದ ಖಾಕಿ ಕೋಟನ್ನು ತೋಳು ಸವೆದರೂ ಬಿಟ್ಟಿರಲಿಲ್ಲ; ಅದರ ಎದೆಯ ಜೇಬಿನಲ್ಲಿ ಉಕ್ಕಿನ ಅಳತೆಪಟ್ಟಿ. ಆ ಪಟ್ಟಿ ಹೊರಬಂದಿತೆಂದರೆ ಅದರ ಹಿಂದೆಯೇ ಎರಡು ಮಾತು ಬರುತ್ತಿದ್ದವು: "ಬರೋಬರ ಇಲ್ಲ." ರೊಟ್ಟಿಗೆ, ರಂಗೋಲಿಗೆ, ಮಗ, ಎಂದರೆ ಸುವರ್ಣಾಳ ಗಂಡ ನಿಖಿಲನ ಕ್ಷೌರಕ್ಕೆ, ಕಂಡವರ ಮದುವೆಯ ಚಪ್ಪರಕ್ಕೆ, ಎಲ್ಲಕ್ಕೂ ಅದೇ ತೀರ್ಪು, ಸರಿಯಾಗಿಲ್ಲ.

ಒಮ್ಮೆ ಏಳನೆಯ ಮಗ್ಗದ ಕೆಳಗೆ ಇರುವೆಗಳು ಮೊಟ್ಟೆ ಹೊತ್ತು ಸಾಲಾಗಿ ಹೊರಟಿದ್ದವೆಂದು ಅವರು ಆ ಮಗ್ಗವನ್ನು ಅರ್ಧ ತಾಸು ನಿಲ್ಲಿಸಿದರು. ಅದೇ ದಿನ, ಹೆಂಡತಿಯನ್ನು ಹೆರಿಗೆಗೆ ಸೇರಿಸಿ ಹತ್ತು ನಿಮಿಷ ತಡವಾಗಿ ಬಂದ ಹಾಲಸಿದ್ದನೆಂಬ ಕೆಲಸಗಾರನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿ ಅರ್ಧ ದಿನದ ಕೂಲಿ ಮುರಿದರು. ಹಾಲಸಿದ್ದ ಸೈಕಲ್ಲು ತಿರುಗಿಸುತ್ತ, ಮಗ್ಗಗಳ ಸದ್ದಿನಲ್ಲೂ ಎಲ್ಲರಿಗೆ ಕೇಳುವಂತೆ ಕೂಗಿದನಂತೆ: "ಮುಂದಿನ ಜನ್ಮಕ್ಕ ಇರವಿ ಆಗಿ ಹುಟ್ಟತೀನ್ರಿ ಜಾಬರಸಾಹೇಬ್ರ, ಆವಾಗರೆ ಅರ್ಧಾ ತಾಸು ತಡಾ ಮಾಡಾಕ ಬಿಡ್ರಿ!" ಶೆಡ್ಡು ನಕ್ಕಿತು, ಜಿನಪಾಲ ನಗಲಿಲ್ಲ. ಇನ್ನೊಮ್ಮೆ ಮಗ್ಗವನ್ನು ತಿರುಗಿಸುವ ಪಟ್ಟಿಗೆ ಸಿಕ್ಕಿ ಗುಬ್ಬಿಯೊಂದು ಸತ್ತಾಗ, ಆ ಪಟ್ಟಿ ಬಿಗಿದ ಕೈ ತಮ್ಮದೆಂದು, ಇಡೀ ಒಂದು ದಿನ ನೀರನ್ನೂ ಮುಟ್ಟದೆ ಉಪವಾಸವಿದ್ದರು. ಹಾಲಸಿದ್ದನ ಅರ್ಧ ದಿನಕ್ಕೆ ಯಾವ ಉಪವಾಸವೂ ಇರಲಿಲ್ಲ.

ಸುವರ್ಣಾ ಗಡಹಿಂಗ್ಲಜದ ಹುಡುಗಿ. ಅಲ್ಲಿ ಕಟ್ಟಡದ ನಕ್ಷೆ ತೆಗೆಯುವ ಎರಡು ವರ್ಷದ ಶಿಕ್ಷಣ ಮುಗಿಸಿ ಮದುವೆಯಾಗಿ ಬಂದವಳು ಇಚಲಕರಂಜಿಯ ಗೋದಾಮೊಂದರಲ್ಲಿ ಬಟ್ಟೆಯ ಥಾನುಗಳಿಗೆ ಚೀಟಿ ಅಂಟಿಸುತ್ತ ಒಂಬತ್ತು ವರ್ಷ ಕಳೆದಿದ್ದಳು. ಈ ವರ್ಷ ಕೊಲ್ಲಾಪುರದ ಒಂದು ಖಾಸಗಿ ಕಾಲೇಜು, ಕಟ್ಟಡಗಳ ಮಾದರಿ ಮಾಡುವುದನ್ನು ಕಲಿಸುವವರು ಬೇಕೆಂದು ಅರ್ಜಿ ಕರೆಯಿತು. ಪರೀಕ್ಷೆ ಒಂದೇ: ಅಂಗಡಿಯಲ್ಲಿ ಸಿಗುವ ಮಾದರಿ ಮನೆಯ ಕಿಟ್ ತಂದು, ಅದರ ಪ್ಲಾಸ್ಟಿಕ್ ಗೋಡೆಗಳನ್ನು ತೆಗೆದು, ತಮ್ಮ ಸೀಮೆಯ ಸಾಮಗ್ರಿಯಲ್ಲಿ ಬೇರೆ ಗೋಡೆ ಕಟ್ಟಿ, ಗುರುವಾರ ಮಧ್ಯಾಹ್ನ ಹನ್ನೆರಡರೊಳಗೆ ತೋರಿಸಬೇಕು. ಹನ್ನೆರಡು ದಾಟಿದರೆ ಬಾಗಿಲು ಮುಚ್ಚಿತು. ಮೂವತ್ತೈದು ಮೀರಿದವರಿಗೆ ಅವಕಾಶವಿಲ್ಲ. ಸುವರ್ಣಾಗೆ ಬರುವ ತಿಂಗಳು ಮೂವತ್ತೈದು ತುಂಬುತ್ತಿತ್ತು. ಇದು ತಪ್ಪಿದರೆ ಚೀಟಿ, ಥಾನು, ಅಂಟು, ಅಷ್ಟೇ.

ಕಿಟ್ ಬಂತು. ಯಾವುದೋ ಪರದೇಶದ ಹಳ್ಳಿಮನೆ, ನಿಜದ ಎಪ್ಪತ್ತೆರಡರಲ್ಲಿ ಒಂದು ಪಾಲು. ಪ್ಲಾಸ್ಟಿಕ್ ಗೋಡೆಯ ಮೇಲೆ ಕೆಂಪು ಇಟ್ಟಿಗೆಯ ಗೆರೆಗಳು. ಅವಳು ಡಬ್ಬಿ ಬಿಚ್ಚಿ ಐದು ನಿಮಿಷವಾಗಿರಲಿಲ್ಲ, ಮಾವ ಪಟ್ಟಿ ಹಿಡಿದು ಬಂದು ನಿಂತರು.

"ಎರಡ ಮಿಲಿ. ಎಪ್ಪತ್ತೆರಡರಿಂದ ಗುಣಸು. ಆರ ಇಂಚೂ ಆಗೂದಿಲ್ಲ. ನಮ್ಮ ಉದಗಾಂವದಾಗ ಆರ ಇಂಚಿನ ಗ್ವಾಡಿ ಯಾರ ಕಟ್ಟ್ಯಾರ? ಎಮ್ಮಿ ಮೈ ತಿಕ್ಕಿದ್ರ ಬಿದ್ದ ಹೋಗತೈತಿ."

"ಇದಕ್ಕ ಎಮ್ಮಿ ಎಲ್ಲಿಂದ ಬರತೈತ್ರಿ, ಮಾವಾರ?"

"ಬರೋಬರ ಇಲ್ಲ," ಎಂದರು, ಮತ್ತು ಕುರ್ಚಿ ಎಳೆದು ಕೂತರು.

ಅಂದಿನಿಂದ ಆ ಮನೆ ಅವರು ಹುಟ್ಟಿದ ಉದಗಾಂವದ ಮನೆಯಾಯಿತು: ಎರಡಡಿ ದಪ್ಪದ ಗೋಡೆ, ಕೆಳಗೆ ಕರಿಕಲ್ಲು, ಮೇಲೆ ಮಣ್ಣು, ಹೊರಗೆ ಸುಣ್ಣದ ಗಾರೆ. ಕಿಟ್ಟಿನ ಮಾಡು ಹಾಗೆಯೇ ಕೂರಬೇಕಾದರೆ ಗೋಡೆ ಒಳಮುಖವಾಗಿ ದಪ್ಪವಾಗಬೇಕು, ಕಿಟಕಿಗಳನ್ನು ಹಿಂದಕ್ಕೆ ಸರಿಸಿ ಕೂರಿಸಬೇಕು. ಅದನ್ನು ಕಂಡುಹಿಡಿದವಳು ಸುವರ್ಣಾ. ತೆಳು ಹಲಗೆಯ ಎರಡು ಪದರದ ನಡುವೆ ಪೊಳ್ಳು ಬಿಟ್ಟು, ಜಲ್ಲಿಯ ಪುಡಿಯನ್ನು ಚಹಾದ ಜರಡಿಯಲ್ಲಿ ಸೋಸಿ ಕಲ್ಲಿನ ಸಾಲು ಕೂರಿಸಿದವಳೂ ಅವಳೇ. ಪಕ್ಕದ ಮನೆಯ ಮಗ್ಗಗಳು ಹಗಲೆಲ್ಲ ನೆಲವನ್ನು ನಡುಗಿಸುತ್ತಿದ್ದುದರಿಂದ ಮೇಜಿನ ಕಾಲುಗಳ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ತುಂಡುಗಳನ್ನಿಟ್ಟಳು. ಜಿನಪಾಲ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ಬಡಗಣ ಗೋಡೆಯನ್ನು ಮೂರು ಸಲ ಒಡೆಸಿದರು. ಮೂರನೆಯ ಸಲ ಹಸಿ ಗಾರೆಯಲ್ಲಿ ಅವಳ ಹೆಬ್ಬೆರಳಿನ ಗುರುತು ಉಳಿದಿತ್ತು.

"ಈ ಅಳತ್ಯಾಗ ನಿನ್ನ ಹೆಬ್ಬಟ್ಟ ಆರ ಫೂಟ ಐತಿ. ಯಾರ ನಿಂತಾರ ಅಲ್ಲಿ, ನಿಮ್ಮ ಅಪ್ಪ?"

ಅತ್ತೆ ಶಾಲನಬಾಯಿ ಒಳಗಿನಿಂದ, "ಸಾಕ ಮಾಡ್ರಿ, ಆಕಿ ನೌಕರಿಗೆ ಹೊಂಟಾಳ, ನಿಮ್ಮ ಮಗ್ಗಕ್ಕಲ್ಲ," ಎಂದರು. ಆ ಮಾತು ಎಂದಿನಂತೆ ಗೋಡೆಗೆ ಬಡಿದು ಬಿತ್ತು.

ಗಾರೆಗೆ ಸ್ವಲ್ಪ ಬಿಳಿ ಅಂಟು ಬೆರೆಸಿದರೆ ಸಾಕೆಂದು ಸುವರ್ಣಾ ಅಂದಿದ್ದಳು. ಅದಕ್ಕೆ ಅವರು ಒಪ್ಪಲಿಲ್ಲ. ತಮ್ಮ ಅಜ್ಜ ಸುಣ್ಣಕ್ಕೆ ಬೆಲ್ಲದ ನೀರು ಹಾಕುತ್ತಿದ್ದರು. ಬೆಲ್ಲವಿಲ್ಲದ ಸುಣ್ಣ ಸುಣ್ಣವೇ ಅಲ್ಲ. ಅಜ್ಜ ಅದನ್ನು ಹದಿನೈದು ದಿನ ಕೊಳೆಸುತ್ತಿದ್ದರೆಂಬುದೂ ಅವರಿಗೆ ಗೊತ್ತಿತ್ತು. ಆದರೆ ಇದ್ದದ್ದು ಮೂರು ದಿನ. ಅವರು ದಿನಗಳನ್ನು ಕಡಿಮೆ ಮಾಡಿದರು, ಬೆಲ್ಲವನ್ನು ಕಡಿಮೆ ಮಾಡಲಿಲ್ಲ. ಅಳತೆಯ ಮನುಷ್ಯ ತಪ್ಪು ಅಳೆದಿದ್ದರು. ಹುಳಿಯಾಗದ ಬೆಲ್ಲ ಗೋಡೆಯೊಳಗೆ ಸಿಹಿಯಾಗಿಯೇ ಕೂತಿತು.

ಬುಧವಾರ ಸಂಜೆ ಮಾಡಿನ ಮೇಲೆ ಒಂದು ಇರುವೆ ಕಂಡಿತು. ಸುವರ್ಣಾ ಮಾತಾಡದೆ ಅಂಗಡಿಗೆ ಹೋಗಿ ಇರುವೆಗೆ ಹೊಡೆಯುವ ಔಷಧದ ಡಬ್ಬಿ ತಂದು ಅಕ್ಕಿಯ ಡಬ್ಬದ ಹಿಂದೆ ಅಡಗಿಸಿಟ್ಟಳು. ಗುರುವಾರ ಬೆಳಿಗ್ಗೆ ಏಳಕ್ಕೆ ನೋಡುತ್ತಾಳೆ, ಬಡಗಣ ಗೋಡೆಯ ಬುಡದಿಂದ ಮೂರು ಸಾಲು ಹೊರಟು ಮೇಜಿನ ಕಾಲಿನವರೆಗೆ ಹರಿಯುತ್ತಿವೆ. ಕಿಟಕಿಯಲ್ಲಿ ಇಣುಕಿದಳು. ಗೋಡೆಯ ಪೊಳ್ಳಿನಲ್ಲಿ ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳು. ಇರುವೆಗಳು ಬರೀ ಉಣ್ಣಲು ಬಂದಿರಲಿಲ್ಲ, ಸಂಸಾರ ಹೂಡಿದ್ದವು.

ಡಬ್ಬಿಗಾಗಿ ಅಡುಗೆಮನೆಗೆ ಓಡಿದಳು. ಅಲ್ಲಿರಲಿಲ್ಲ.

"ಹೊರಗ ಕಟ್ಟೀ ಮ್ಯಾಲೆ ಇಟ್ಟೇನಿ," ಎಂದರು ಜಿನಪಾಲ ಬಾಗಿಲಲ್ಲಿ ನಿಂತು. "ಅದನ್ನ ಈ ಮನ್ಯಾಗ ತರಬಾರದು."

"ಮಾವಾರ, ಒಂಬತ್ತಕ್ಕ ರಿಕ್ಷಾ ಬರತೈತಿ. ಒಂಬತ್ತೂವರಿ ಬಸ್ಸಿಗೆ ಹೋಗಲಿಲ್ಲಂದ್ರ..."

"ಗೊತ್ತೈತಿ. ಹೊರಗ ಬೆಲ್ಲಾ ಇಡೂಣು, ತಾವ ಎದ್ದ ಹೋಗತಾವ."

ತಾಟಿನಲ್ಲಿ ಬೆಲ್ಲ ಬಂತು. ಮಾವ ಸೊಸೆ ಇಬ್ಬರೂ ಮೇಜಿನ ಎರಡು ಬದಿಗೆ ಕೂತು ನೋಡುತ್ತಿದ್ದರು. ಏಳೂವರೆಗೆ ಒಂದು ಸಾಲು ತಾಟಿನತ್ತ ತಿರುಗಿತು. ಎಂಟಕ್ಕೆ ಅದೇ ಸಾಲು ಬೆಲ್ಲದ ಹರಳು ಹೊತ್ತು ಮರಳಿ ಗೋಡೆಯೊಳಗೆ ಹೊಕ್ಕಿತು. ಪಕ್ಕದ ಮನೆಯಲ್ಲಿ ಮಗ್ಗಗಳು ಶುರುವಾದವು. ನೆಲ ನಡುಗಿತು, ಇರುವೆಗಳು ಗಾಬರಿಯಾಗಿ ಮಾಡಿನ ತುಂಬ ಹರಡಿದವು. ಎಂಟೂಕಾಲು. ಶಾಲನಬಾಯಿ ಚಹಾ ತಂದಿಟ್ಟರು, ಯಾರೂ ಕುಡಿಯಲಿಲ್ಲ.

"ಬೆಲ್ಲಾ ಹಾಕಂದಾವರು ನೀವ," ಎಂದಳು ಸುವರ್ಣಾ, ತಲೆಯೆತ್ತದೆ.

ಅವರು ಬೆಲ್ಲದ ತಾಟನ್ನು ಗೋಡೆಯ ಬುಡಕ್ಕೆ ಇನ್ನಷ್ಟು ಸರಿಸಿದರು.

"ಇರ್ಲಿ. ಇರವಿ ಸುದ್ದಾ ಒಯ್ಯತೀನಿ. ನಕ್ಕರ ನಗಲಿ."

"ಒಯ್ಯಬಾರದು," ಎಂದರು ಅವರು ತಟ್ಟನೆ. "ಸಾಲ ತಪ್ಪಿದ್ರ ದಿಕ್ಕಗೇಡಿ ಆಗತಾವ. ಕೊಲ್ಲಾಪುರದಾಗ ಅವಕ್ಕ ಯಾರ ಅದಾರ?"

ಸುವರ್ಣಾ ಮೊದಲ ಬಾರಿಗೆ ಅವರ ಮುಖವನ್ನು ನೇರ ನೋಡಿದಳು.

"ನನಗ ಈ ಮನ್ಯಾಗ ಯಾರ ಅದಾರ್ರಿ, ಮಾವಾರ?"

ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು. ಅಳಲಿಲ್ಲ, ಅಳಲು ಹೊತ್ತಿರಲಿಲ್ಲ. ಬರಿಗೈಯಲ್ಲಾದರೂ ಹೋಗಿ, ಮಾಡಿದ್ದೆ, ತರಲಾಗಲಿಲ್ಲ ಎಂದು ಹೇಳಿ ಬರುವುದೆಂದು ನಿಶ್ಚಯಿಸಿ ಸೀರೆ ಉಟ್ಟಳು, ನೆರಿಗೆ ಸರಿಯಾಗದೆ ಎರಡು ಸಲ ಬಿಚ್ಚಿ ಉಟ್ಟಳು, ಪ್ರಮಾಣಪತ್ರಗಳನ್ನು ಚೀಲಕ್ಕೆ ಹಾಕಿದಳು. ಹೊರಬಂದಾಗ ಒಂಬತ್ತಕ್ಕೆ ಐದು ನಿಮಿಷವಿತ್ತು.

ಮೇಜಿನ ಮೇಲೆ ಮನೆ ಇತ್ತು. ಸಾಲುಗಳು ಇರಲಿಲ್ಲ. ಬಡಗಣ ಗೋಡೆಯನ್ನು ಕಳಚಿ, ಒಳಗನ್ನು ಒರೆಸಿ, ಮತ್ತೆ ಜೋಡಿಸಿದ್ದು ಕಾಣುತ್ತಿತ್ತು. ಮೂಲೆಯಲ್ಲಿ ಬಿರುಕು ಬಿಟ್ಟ ಗಾರೆಗೆ ಹೊಸ ಸುಣ್ಣ ಮೆತ್ತಿತ್ತು. ನೆಲ ಒದ್ದೆ. ಕಿಟಕಿಗಳೆಲ್ಲ ತೆರೆದಿದ್ದರೂ ಕೋಣೆಯಲ್ಲಿ ಮೂಗಿಗೆ ಅಡರುವ ಒಂದು ಘಾಟು ನಿಂತಿತ್ತು. ಸುಣ್ಣಕ್ಕೆ ಆ ವಾಸನೆಯಿರುವುದಿಲ್ಲ. ಜಿನಪಾಲ ಹಿತ್ತಲ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದರು, ಬಹಳ ಹೊತ್ತಿನಿಂದ ತೊಳೆಯುತ್ತಿದ್ದವರ ಹಾಗೆ.

"ರಿಕ್ಷಾ ಬಂತ," ಎಂದರು, ತಿರುಗದೆ. "ನಡಿ."

ಹನ್ನೊಂದೂಮುಕ್ಕಾಲಿಗೆ ಅವಳು ಆ ಕಾಲೇಜಿನ ಮೇಜಿನ ಮೇಲೆ ಉದಗಾಂವದ ಮನೆಯನ್ನು ಇಟ್ಟಳು. ಪರೀಕ್ಷಕರು ಗೋಡೆಯನ್ನು ಬೆರಳಿಂದ ತಟ್ಟಿದರು, ಕಿಟಕಿಯ ಆಳಕ್ಕೆ ಕಡ್ಡಿ ಇಳಿಸಿ ಅಳೆದರು, ಒಳಗೆ ಇಣುಕಿದರು. ಒಳಗೆ ಏನೂ ಇರಲಿಲ್ಲ.

ಜಿನಪಾಲರಂಥವರು ನಮ್ಮ ಪ್ರತಿ ಓಣಿಯಲ್ಲೂ ಒಬ್ಬರಿದ್ದಾರೆ. ತಮಗೆ ವಿಧಿಸಿಕೊಂಡ ನಿಯಮವನ್ನೇ ಅಷ್ಟೇ ಬಿಗಿಯಾಗಿ ಪರರ ಮೇಲೂ ಹೂಡುವವರು; ನಿಯಮವು ಯಾವ ಜೀವಕ್ಕಾಗಿ ಹುಟ್ಟಿತೋ ಆ ಜೀವಗಳ ಪಟ್ಟಿಯಲ್ಲಿ ತಮ್ಮ ಮನೆಯವರ ಹೆಸರನ್ನು ಬರೆಯಲು ಮರೆತವರು. ಇಂಥವರ ಕಾಠಿನ್ಯದ ಒಳಗೆ ತಪ್ಪದೆ ಒಂದು ಮೃದುವಾದ ತಿರುಳಿರುತ್ತದೆಂದು ನಂಬುವುದು ಸೋಮಾರಿಗಳ ಸಮಾಧಾನ. ಬಹಳ ಜನರಲ್ಲಿ ಅದಿರುವುದಿಲ್ಲ. ಅವರೊಡನೆ ಬಾಳಿದವರು ತೀರ್ಪು ಕೊಟ್ಟರೆ ಅದನ್ನು ಹೊರಗಿನವರು ತಿದ್ದಬಾರದು. ಸುವರ್ಣಾ ತನ್ನ ತೀರ್ಪನ್ನು ಬಸ್ಸಿನಲ್ಲಿ ಹೋಗುವಾಗಲೂ ಬದಲಿಸಿರಲಿಲ್ಲ.

ಸಂಜೆ ಐದಕ್ಕೆ ಮನೆಗೆ ಬಂದಾಗ ಶಾಲನಬಾಯಿ ಬಾಗಿಲಲ್ಲೇ ತಡೆದರು. "ಮುಂಜಾನಿಂದ ಹನಿ ನೀರ ಮುಟ್ಟಿಲ್ಲ ನೋಡ ಇವರು. ಯಾವ ಉಪವಾಸ್ರಿ ಅಂದ್ರ ಬಾಯಿನ ಬಿಡವಲ್ರು."

ಸುವರ್ಣಾ ಗೋಡೆಯ ಪಂಚಾಂಗ ನೋಡಿದಳು. ಅಂದು ಅವರ ಉಪವಾಸದ ಅಷ್ಟಮಿಯಲ್ಲ, ಚತುರ್ದಶಿಯೂ ಅಲ್ಲ.

ಜಿನಪಾಲ ಹೊರಸಿನ ಮೇಲೆ ಕೂತಿದ್ದರು. ಕೋಟು ಮೊಳೆಗೆ ನೇತುಬಿದ್ದಿತ್ತು.

"ಏನಂದ್ರ?"

"ಸೋಮವಾರದಿಂದ ಬರ್ರಿ ಅಂದ್ರು."

"ಬಡಗಣ ಗ್ವಾಡಿ ನೋಡಿದ್ರ?"

"ನೋಡಿದ್ರು."

"ಅರ್ಧಾ ಮಿಲಿ ಹೊರಗ ಬಂದಿತ್ತ. ಬರೋಬರ ಇರಲಿಲ್ಲ."

ಅವಳು ಒಳಗೆ ಹೋಗಿ ಸೋಸಿದ ನೀರಿನ ತಂಬಿಗೆ ತಂದು ಅವರ ಮುಂದೆ ಹಿಡಿದಳು. ಹೊತ್ತು ಮುಳುಗಿದ ಮೇಲೆ ಅವರು ನೀರನ್ನೂ ಮುಟ್ಟುವವರಲ್ಲ; ಮುಳುಗಲು ಇನ್ನೂ ಒಂದು ತಾಸಿತ್ತು, ಕುಡಿಯಬಹುದಿತ್ತು. ಅವರು ತಂಬಿಗೆಯನ್ನು ತೆಗೆದುಕೊಂಡರು, ಕ್ಷಣಹೊತ್ತು ಕೈಯಲ್ಲೇ ಹಿಡಿದರು. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು, ಇರುವೆ ಬೀಳದಂತೆ ಅದರ ಬಾಯಿಗೆ ಮುಚ್ಚಿ, ಕುಡಿಯದೆ ಬದಿಗಿಟ್ಟರು.